ಜೀಪಿನ ಮುಂದಿನ ಆಕ್ಸಲ್: ಬಿಚ್ಚುವ ಮೊದಲು ಪತ್ತೆ ಹಚ್ಚೋಣ

ಮಕ್ಕಳೇ, ಗುಡ್ಡದ ಕಚ್ಚಾ ದಾರಿ ಹತ್ತುವ ಹಳೆಯ ಜೀಪನ್ನು ನೀವು ನೋಡಿರುತ್ತೀರಿ. ಎತ್ತಿನ ಗಾಡಿಯ ಅಚ್ಚು ಭಾರ ಹೊತ್ತರೆ ಸಾಕು. ಫೋರ್ ವೀಲ್ ಜೀಪಿನ ಮುಂದಿನ ಆಕ್ಸಲ್ ಹಾಗಲ್ಲ. ಅದು ಭಾರ ಹೊರಬೇಕು, ಎಂಜಿನಿನ ಬಲದಿಂದ ಚಕ್ರ ಉರುಳಿಸಬೇಕು, ಜೊತೆಗೆ ಚಕ್ರ ಎಡಕ್ಕೂ ಬಲಕ್ಕೂ ಹೊರಳಲು ಬಿಡಬೇಕು. ಮೂರು ಕೆಲಸ ಇರುವಲ್ಲಿ ತೊಂದರೆಯೂ ಮೂರು ಕಡೆಯಿಂದ ಬರಬಹುದು, ಅಲ್ವಾ?

ಒಳಗೆ ಏನಿದೆ?

ಆಕ್ಸಲಿನ ತುದಿಯಲ್ಲಿ ‘ನಕಲ್’ ಎಂಬ ಭಾಗವಿದೆ. ಬಾಗಿಲು ಬಿಜಾಗರಿಯ ಮೇಲೆ ತಿರುಗುವಂತೆ, ಇದು ಮೇಲೊಂದು ಕೆಳಗೊಂದು ಇರುವ ಕಿಂಗ್ ಪಿನ್ ಬೇರಿಂಗುಗಳ ಮೇಲೆ ಹೊರಳುತ್ತದೆ. ಶಾಫ್ಟು ಅಲ್ಲಿ ಬಾಗಬೇಕಾದ್ದರಿಂದ ಒಂದು ಜಾಯಿಂಟು ಇರುತ್ತದೆ. ಚಕ್ರ ಉರುಳುವುದು ಬೇರೆಯೇ ಬೇರಿಂಗುಗಳ ಮೇಲೆ.

ಪತ್ತೆ ಹಚ್ಚುವುದು ಹೇಗೆ?

ಸ್ಟೇರಿಂಗ್ ಗಡಗಡ ನಡುಗುತ್ತಿದೆ ಎನ್ನೋಣ. ಕೂಡಲೇ ಎಲ್ಲವನ್ನೂ ಬಿಚ್ಚಿ ಹೊಸ ಭಾಗ ಹಾಕಿದರೆ ಹಣವೂ ಹೋಯಿತು, ಕಾರಣವೂ ತಿಳಿಯಲಿಲ್ಲ. ಜಾಣ ಮೆಕ್ಯಾನಿಕ್ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡುತ್ತಾನೆ. ನಮ್ಮ ಪ್ರಯೋಗಾಲಯದ ನಿಯಮವೂ ಇದೇ.

1. ಮೊದಲು ಟಯರಿನ ಗಾಳಿ ಮತ್ತು ಚಕ್ರದ ನಟ್ಟುಗಳನ್ನು ನೋಡುತ್ತಾನೆ. ಇದಕ್ಕೆ ಖರ್ಚಿಲ್ಲ.

2. ಚಕ್ರ ಎತ್ತಿ, ಆಕ್ಸಲಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಟಯರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುತ್ತಾನೆ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳುತ್ತಾನೆ. ಬ್ರೇಕ್ ಒತ್ತಿದಾಗ ಚಕ್ರವೂ ನಕಲೂ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಆಗ ಆಟ ನಿಂತರೆ ಸಡಿಲಾದದ್ದು ಚಕ್ರದ ಬೇರಿಂಗ್. ನಿಲ್ಲದಿದ್ದರೆ ಕಿಂಗ್ ಪಿನ್. ಒಂದು ಪೆಡಲು, ಎರಡು ಕಾರಣಗಳು ಬೇರೆ!

3. ಎಡ ಬಲ ಹಿಡಿದು ಅಲುಗಿಸಿದಾಗ ಮಾತ್ರ ಆಟವಿದ್ದರೆ ಸ್ಟೇರಿಂಗಿನ ರಾಡ್ ತುದಿಗಳನ್ನು ನೋಡಬೇಕು.

4. ಫೋರ್ ವೀಲ್ ಹಾಕಿ, ಸಡಿಲ ಮಣ್ಣಿನಲ್ಲಿ ನಿಧಾನವಾಗಿ ತಿರುಗಿಸುವಾಗ ಟಕ್ ಟಕ್ ಸದ್ದು ಬಂದರೆ ಶಾಫ್ಟಿನ ಜಾಯಿಂಟಿನ ಮೇಲೆ ಸಂಶಯ.

ಜೋಡಿಸುವಾಗ

ಬಿಚ್ಚಿದ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ಅದೇ ತನ್ನ ಕಥೆ ಹೇಳುತ್ತದೆ. ನೀಲಿ ಬಣ್ಣವಿದ್ದರೆ ವಿಪರೀತ ಕಾದಿದೆ. ಸಣ್ಣ ಗುಳಿಗಳಿದ್ದರೆ ಮೇಲ್ಮೈ ಸವೆದು ಕಿತ್ತಿದೆ. ತುಕ್ಕಿದ್ದರೆ ನೀರು ಹೊಕ್ಕಿದೆ. ಹಾಗಾದರೆ ಬೇರಿಂಗ್ ಮಾತ್ರ ಬದಲಿಸಿದರೆ ಸಾಲದು, ನೀರು ಬಿಟ್ಟ ಸೀಲನ್ನೂ ಬದಲಿಸಬೇಕು.

ಕಿಂಗ್ ಪಿನ್ ಬಿಗಿಯನ್ನು ಹೊಂದಿಸುವುದು ‘ಶಿಮ್’ ಎಂಬ ತೆಳು ತಗಡುಗಳಿಂದ. ಶಿಮ್ ತೆಗೆದರೆ ಬಿಗಿ, ಸೇರಿಸಿದರೆ ಸಡಿಲ. ಎಷ್ಟು ಬಿಗಿ ಬೇಕು? ಸೀಲು ಹಾಕುವ ಮೊದಲು, ರಾಡ್ ಕಳಚಿ, ನಕಲಿನ ತೋಳಿಗೆ ಸ್ಪ್ರಿಂಗ್ ತ್ರಾಸು ಸಿಕ್ಕಿಸಿ ಎಳೆದು ಅಳೆಯುತ್ತಾರೆ. ಹೌದು, ನಮ್ಮ ಲ್ಯಾಬಿನಲ್ಲಿರುವಂಥದ್ದೇ! ಆ ಜೀಪಿನ ಕೈಪಿಡಿಯಲ್ಲಿರುವ ಅಳತೆಗೆ ಬರುವವರೆಗೆ ಶಿಮ್ ಬದಲಿಸುತ್ತಾರೆ. ಸಡಿಲಾದರೆ ಚಕ್ರ ನಡುಗುತ್ತದೆ. ತೀರಾ ಬಿಗಿಯಾದರೆ ಬೇರಿಂಗ್ ಬೇಗ ಸವೆಯುತ್ತದೆ, ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಎರಡೂ ಜೀವಕ್ಕೆ ಅಪಾಯ.

ಎಚ್ಚರಿಕೆ: ಇದನ್ನು ಗ್ಯಾರೇಜಿನಲ್ಲಿ ದೂರ ನಿಂತು ನೋಡಿ, ನೀವೇ ಮಾಡಲು ಹೋಗಬೇಡಿ. ಜಾಕಿಯೊಂದನ್ನೇ ನಂಬಿ ವಾಹನದ ಕೆಳಗೆ ಯಾರೂ ಹೋಗಬಾರದು.

ಲೆಕ್ಕ ಮಾಡಿ, ಯೋಚಿಸಿ

1. ಶಿಲುಬೆಯಾಕಾರದ ಒಂಟಿ ಯೂನಿವರ್ಸಲ್ ಜಾಯಿಂಟು θ ಕೋನದಲ್ಲಿ ಬಾಗಿದಾಗ, ಒಳಬರುವ ವೇಗ ಒಂದೇ ಆಗಿದ್ದರೂ ಹೊರಹೋಗುವ ವೇಗ ಅದರ cos θ ಪಟ್ಟಿನಿಂದ 1/cos θ ಪಟ್ಟಿನವರೆಗೆ ಏರಿಳಿಯುತ್ತದೆ. ಒಂದು ಸುತ್ತಿಗೆ ಎರಡು ಸಲ ಹೀಗಾಗುತ್ತದೆ. θ = 30° ಇದ್ದು ಶಾಫ್ಟು ನಿಮಿಷಕ್ಕೆ 100 ಸುತ್ತು ತಿರುಗಿದರೆ ಚಕ್ರದ ಕಡೆಯ ಕನಿಷ್ಠ, ಗರಿಷ್ಠ ವೇಗ ಎಷ್ಟು? (ಉತ್ತರ: ಸುಮಾರು 87 ಮತ್ತು 115)

2. ನಾಲ್ಕನೆಯ ಪರೀಕ್ಷೆಯನ್ನು ಡಾಂಬರು ರಸ್ತೆಯಲ್ಲಿ ಏಕೆ ಮಾಡಬಾರದು? ಸುಳಿವು: ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ.