ಕಡಲಂಚಿನ ಹಳೆಯ ಹಂಚಿನ ಮನೆ: ಮಿತವ್ಯಯದ ನವೀಕರಣದ ಕ್ರಮ ಮತ್ತು ಲೆಕ್ಕ

ಬೆಂಗಳೂರಿನ ಉತ್ತರ ಭಾಗದ ಸಂಜಯನಗರ, ಆರ್.ಟಿ. ನಗರ, ಹೆಬ್ಬಾಳ ಮುಂತಾದ ಬಡಾವಣೆಗಳಲ್ಲಿ ನೆಲೆಸಿ ವ್ಯಾಪಾರ, ಹೋಟೆಲು, ಸಣ್ಣ ಕೈಗಾರಿಕೆಗಳಲ್ಲಿ ತೊಡಗಿರುವ ಕರಾವಳಿ ಮೂಲದ ಕುಟುಂಬಗಳಿಗೆ ಒಂದು ಪ್ರಶ್ನೆ ಪರಿಚಿತವಾದುದು. ಊರಿನಲ್ಲಿ, ಕಡಲಿಗೆ ಸಮೀಪದಲ್ಲಿ, ಅಜ್ಜನ ಕಾಲದ ಹಂಚಿನ ಮನೆಯೊಂದಿದೆ. ಮಾಡು ಸೋರುತ್ತಿದೆ, ಗೋಡೆಯ ಗಾರೆ ಉದುರುತ್ತಿದೆ. ಅದನ್ನು ಕೆಡವಿ ತಾರಸಿ ಮನೆ ಕಟ್ಟಬೇಕೆ, ಮಾರಬೇಕೆ, ಅಥವಾ ದುರಸ್ತಿ ಮಾಡಿಸಿ ಪ್ರವಾಸಿಗರಿಗೆ ಹೋಂಸ್ಟೇ ಆಗಿ ನೀಡಬೇಕೆ? ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ಣಗೊಂಡಂದಿನಿಂದ ಕರಾವಳಿಗೆ ಪ್ರವಾಸಿಗರ ಸಂಚಾರ ಸುಗಮವಾಗಿದೆ. 2020ರಲ್ಲಿ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತ ಮೇಲೆ ಈ ಭಾಗದ ಆಕರ್ಷಣೆ ಇನ್ನಷ್ಟು ಹೆಚ್ಚಿದೆ. ಆದ್ದರಿಂದ ಮೂರನೆಯ ಮಾರ್ಗವನ್ನು ಆಯ್ದುಕೊಳ್ಳಲು ಬಯಸುವವರು ಹಲವರು.

ಇಂತಹ ಪ್ರಯತ್ನಗಳು ಸೋಲುವುದು ಸಾಮಾನ್ಯವಾಗಿ ಹಣದ ಕೊರತೆಯಿಂದಲ್ಲ, ಹಣ ಖರ್ಚಾಗುವ ಕ್ರಮದ ದೋಷದಿಂದ. ಬೇಸಿಗೆ ರಜೆಯಲ್ಲಿ ಊರಿಗೆ ಹೋದವರು ಬಣ್ಣ, ಟೈಲ್ಸ್, ಮಂಚ, ಪರದೆಗಳಿಂದ ಕೆಲಸ ಆರಂಭಿಸುತ್ತಾರೆ. ಜೂನ್ ತಿಂಗಳ ಮಳೆ ಅವೆಲ್ಲವನ್ನೂ ಒಂದೇ ವಾರದಲ್ಲಿ ಹಾಳುಗೆಡಹುತ್ತದೆ. ಕಡಲಂಚಿನ ಮನೆಯಲ್ಲಿ ನೀರು ಮತ್ತು ಉಪ್ಪು ಒಳಬರುವ ದಾರಿಯನ್ನು ಹಿಡಿದು ಹಣ ಸಾಗಬೇಕು, ಅಲಂಕಾರ ಕಟ್ಟಕಡೆಗೆ ಬರಬೇಕು ಎಂಬುದೇ ಈ ಅಧ್ಯಯನದ ಮುಖ್ಯ ಸೂತ್ರ.

ಮೊದಲು ಕಾಗದಪತ್ರ

ಸಮುದ್ರತೀರದ ಯಾವುದೇ ನಿರ್ಮಾಣಕ್ಕೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿ.ಆರ್.ಝಡ್.ನ ನಿಯಮಗಳು ಅನ್ವಯಿಸುತ್ತವೆ. 1991ರಲ್ಲಿ ಮೊದಲ ಬಾರಿಗೆ ಹೊರಬಂದ ಅಧಿಸೂಚನೆಯು 2011ರಲ್ಲಿಯೂ 2019ರಲ್ಲಿಯೂ ಹೊಸ ರೂಪ ಪಡೆಯಿತು. ಭರತರೇಖೆಯಿಂದ ಭೂಮಿಯ ಕಡೆಗೆ 500 ಮೀಟರುಗಳವರೆಗಿನ ಪ್ರದೇಶ ಈ ವಲಯಕ್ಕೆ ಸೇರುತ್ತದೆ. 2019ರ ಅಧಿಸೂಚನೆಯಂತೆ ಗ್ರಾಮೀಣ ತೀರಗಳಲ್ಲಿ 2011ರ ಜನಗಣತಿಯ ಪ್ರಕಾರ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆ ಇರುವೆಡೆ 50 ಮೀಟರು, ಉಳಿದೆಡೆ 200 ಮೀಟರು ಅಭಿವೃದ್ಧಿ ನಿಷಿದ್ಧ ಪಟ್ಟಿಯಾಗಿದೆ.

ಈ ಪಟ್ಟಿಯೊಳಗೆ ಹೊಸ ಕಟ್ಟಡಕ್ಕೆ ಅವಕಾಶ ಅತ್ಯಲ್ಪ. ಆದರೆ ಈಗಾಗಲೇ ಇರುವ ಅಧಿಕೃತ ಕಟ್ಟಡವನ್ನು ಅದರ ತಳಪಾಯದ ವಿಸ್ತೀರ್ಣ ಮೀರದಂತೆ ದುರಸ್ತಿ ಮಾಡಬಹುದು. ಸ್ಥಳೀಯ ಸಮುದಾಯದವರು ಇರುವ ಮನೆಯ ತಳವಿಸ್ತೀರ್ಣ, ವಿನ್ಯಾಸ ಮತ್ತು ಮುಂಭಾಗವನ್ನು ಬದಲಿಸದೆ ಹೋಂಸ್ಟೇ ನಡೆಸಲೂ ಅವಕಾಶವಿದೆ. ಎಂದರೆ, ತೀರಕ್ಕೆ ಸಮೀಪವಾದ ಹಳೆಯ ಮನೆಯ ನಿಜವಾದ ವ್ಯಾಪಾರೀ ಮೌಲ್ಯ ಅಡಗಿರುವುದು ಅದು ಹಳೆಯ ರೂಪದಲ್ಲಿಯೇ ನಿಂತಿರುವುದರಲ್ಲಿ. ಅವಸರದಿಂದ ಕೆಡವಿದವನು ಮನೆಯೊಂದಿಗೆ ತನ್ನ ಹಕ್ಕನ್ನೂ ಸಂಕಷ್ಟಕ್ಕೆ ಒಡ್ಡುತ್ತಾನೆ.

'ಅಧಿಕೃತ' ಎಂಬ ಪದವನ್ನು ಇಲ್ಲಿ ಗಮನಿಸಬೇಕು. ಗ್ರಾಮ ಪಂಚಾಯಿತಿಯ ತೆರಿಗೆ ರಸೀದಿಗಳು, ಇ-ಸ್ವತ್ತಿನ ನಮೂನೆಗಳು, ಹಳೆಯ ವಿಭಾಗಪತ್ರ ಇವುಗಳನ್ನು ಮೊದಲೇ ಹೊಂದಿಸಿಕೊಳ್ಳುವುದು ಅವಶ್ಯ. ಪಿತ್ರಾರ್ಜಿತ ಮನೆಯಾಗಿದ್ದರೆ ಪಾಲುದಾರರೆಲ್ಲರ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಹಂಚನ್ನೂ ತೆಗೆಯಬಾರದು. ಒಬ್ಬರ ಹಣದಿಂದ ದುರಸ್ತಿಯಾದ ಮನೆಯಲ್ಲಿ ಎಲ್ಲರ ಪಾಲೂ ಉಳಿದಿರುತ್ತದೆ ಎಂಬ ಸತ್ಯ ಅನೇಕರಿಗೆ ತಡವಾಗಿ ಹೊಳೆಯುತ್ತದೆ.

ಇನ್ನೊಂದು ಅಂಶ ನಗರವಾಸಿ ಮಾಲೀಕರಿಗೆ ನೇರವಾಗಿ ಸಂಬಂಧಿಸಿದ್ದು. ಹೋಂಸ್ಟೇ ಎಂಬುದು ಕುಟುಂಬವೊಂದು ವಾಸವಿರುವ ಮನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣ ಯೋಜನೆಯೂ 1ರಿಂದ 6 ಕೊಠಡಿಗಳ, ಮಾಲೀಕರ ಕುಟುಂಬ ವಾಸವಿರುವ ಮನೆಗಳನ್ನೇ ಗಮನದಲ್ಲಿರಿಸಿಕೊಂಡಿದೆ. ಸಂಜಯನಗರದಲ್ಲಿ ಕುಳಿತು ಬೀಗದ ಕೈಯನ್ನು ಕಾವಲುಗಾರನಿಗೆ ಕೊಟ್ಟು ನಡೆಸುವ ವ್ಯವಹಾರ ಇದಲ್ಲ. ಊರಿನಲ್ಲಿರುವ ಅಣ್ಣನೋ ಚಿಕ್ಕಮ್ಮನೋ ಪಾಲುದಾರರಾಗಿ ಸೇರಿದರೆ ಮಾತ್ರ ಯೋಜನೆ ನಿಲ್ಲುತ್ತದೆ.

ಮಾಡಿನ ಕೆಲಸ

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ, ಒಂದಕ್ಕೊಂದು ಕೊಂಡಿಯಂತೆ ಕೂಡಿಕೊಳ್ಳುವ ಮಂಗಳೂರು ಹಂಚು ಕರಾವಳಿಯ ಮನೆಗಳ ಗುರುತಾಯಿತು. ವರ್ಷಕ್ಕೆ 3,500 ಮಿ.ಮೀ.ಗೂ ಮಿಗಿಲಾಗಿ ಮಳೆ ಬೀಳುವ ನಾಡಿಗೆ ಇಳಿಜಾರಿನ ಹಂಚಿನ ಮಾಡು ಹೊಂದುವಂತೆ ಸಮತಟ್ಟು ತಾರಸಿ ಹೊಂದುವುದಿಲ್ಲ.

ಸೋರುವ ಮಾಡು ಎಂದರೆ ಹಾಳಾದ ಮಾಡು ಎಂದು ಭಾವಿಸಬೇಕಾಗಿಲ್ಲ. 100 ಚದರ ಮೀಟರು ನೆಲದ ಮನೆಗೆ 30 ಡಿಗ್ರಿ ಇಳಿಜಾರಿನಲ್ಲಿ ಸುಮಾರು 115 ಚದರ ಮೀಟರು ಮಾಡು ಇರುತ್ತದೆ. ಚದರ ಮೀಟರಿಗೆ ಸುಮಾರು 15 ಹಂಚಿನಂತೆ ಒಟ್ಟು 1,700ಕ್ಕೂ ಹೆಚ್ಚು ಹಂಚುಗಳು. ಹತ್ತರಲ್ಲಿ ಒಂದು ಒಡೆದಿದ್ದರೂ ಬೇಕಾಗುವುದು 170ರಿಂದ 200 ಹಂಚುಗಳಷ್ಟೆ. ಉಳಿದವನ್ನು ಇಳಿಸಿ, ಪಾಚಿ ಉಜ್ಜಿ, ಕೈಯಾಡಿಸಿ ಮತ್ತೆ ಹೊದಿಸಿದರೆ ಸಾಕು.

ಒಂದು ಕಾರ್ಖಾನೆಯ ಅಚ್ಚಿನ ಹಂಚು ಇನ್ನೊಂದರ ಹಂಚಿನೊಡನೆ ಸರಿಯಾಗಿ ಕೂಡುವುದಿಲ್ಲ. ಹಂಚಿನ ಮೇಲೆ ಒತ್ತಿರುವ ಕಾರ್ಖಾನೆಯ ಹೆಸರನ್ನು ನೋಡಿ, ಅದೇ ಅಚ್ಚಿನ ಹಂಚನ್ನು ಸುತ್ತಮುತ್ತ ಕೆಡವುತ್ತಿರುವ ಮನೆಗಳಿಂದ ಪಡೆಯಬಹುದು. ದೊರೆಯದಿದ್ದರೆ ಹಳೆಯ ಹಂಚುಗಳನ್ನೆಲ್ಲ ಮುಂಭಾಗದ ಇಳಿಜಾರಿಗೆ ಸೇರಿಸಿ, ಹೊಸದನ್ನು ಹಿಂಭಾಗಕ್ಕೆ ಹಾಕುವುದು ಲೇಸು. ನಡುವೆ ನಾಲ್ಕಾರು ಗಾಜಿನ ಹಂಚುಗಳನ್ನು ಕೂರಿಸಿದರೆ ಕತ್ತಲ ಕೋಣೆಗಳಿಗೆ ಹಗಲಿನ ಬೆಳಕು ಖರ್ಚಿಲ್ಲದೆ ಒದಗುತ್ತದೆ.

ಹಂಚು ಇಳಿಸಿದಾಗಲೇ ಪಕಾಸು, ರೀಪುಗಳನ್ನು ಪರೀಕ್ಷಿಸಬೇಕು. ಮರದ ತುದಿ ಗೋಡೆಯೊಳಗೆ ಕೂರುವ ಜಾಗದಲ್ಲಿ ಗೆದ್ದಲು ಮತ್ತು ಕೊಳೆತ ಹೆಚ್ಚು. ತುದಿ ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಜೋಡಿಸಬಹುದು. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮರಕ್ಕೆ ಬಳಿಯುವ ಕರಾವಳಿಯ ರೂಢಿ ಈಗಲೂ ಉಪಯುಕ್ತ. ಆದರೆ ಅದು ಚರ್ಮವನ್ನು ಸುಡುವುದರಿಂದ ಕೈಗವಸು ಕಡ್ಡಾಯ.

ಗೋಡೆ ಮತ್ತು ಉಪ್ಪು

ಕರಾವಳಿಯ ಹಳೆಯ ಗೋಡೆಗಳು ಬಹುತೇಕ ಮುರಕಲ್ಲಿನವು. ಉತ್ತರ ಕನ್ನಡದಲ್ಲಿ ಇದನ್ನೇ ಚಿರೆಕಲ್ಲು ಎನ್ನುತ್ತಾರೆ. ಈ ಕಲ್ಲು ರಂಧ್ರಮಯ. ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟು ಗಾರೆ ಮತ್ತು ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಹೊರಹೋಗಲಾರದೆ ಒಳಗೇ ಉಳಿಯುತ್ತದೆ. ಅದರೊಂದಿಗೆ ಬಂದ ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ ಗಾರೆಯನ್ನೇ ಹೊರದೂಡುತ್ತದೆ. ಗೋಡೆ 'ಹೊಟ್ಟು ಬಿಡುವುದು' ಎಂದು ಜನ ಹೇಳುವ ರೋಗ ಇದೇ.

ಇದಕ್ಕೆ ಹಳೆಯ ಮದ್ದು ಸುಣ್ಣದ ಗಾರೆ. ಕರಾವಳಿಯಲ್ಲಿ ಚಿಪ್ಪುಗಳನ್ನು ಸುಟ್ಟು ತಯಾರಿಸುತ್ತಿದ್ದ ಸುಣ್ಣ ಗೋಡೆಗೆ ಉಸಿರಾಡಲು ಬಿಡುತ್ತದೆ. ಉದುರಿದ ಭಾಗವನ್ನು ಕಲ್ಲಿನವರೆಗೆ ಕೆರೆದು, ತೆಳುವಾದ ಪದರಗಳಲ್ಲಿ ಸುಣ್ಣದ ಗಾರೆ ಹಾಕಿ, ಒಂದೊಂದು ಪದರವೂ ನಿಧಾನವಾಗಿ ಗಟ್ಟಿಯಾಗಲು ಕಾಲ ಕೊಡಬೇಕು. ಮೇಲೆ ಸುಣ್ಣದ ಲೇಪನವೇ ಸಾಕು. ಕೆಲಸ ನಿಧಾನ, ಆದರೆ ಮರುದುರಸ್ತಿ ಸುಲಭ ಮತ್ತು ಅಗ್ಗ.

ಎರಡು ತಪ್ಪುಗಳನ್ನು ಎಂದಿಗೂ ಮಾಡಬಾರದು. ಮನೆಯೆದುರೇ ದೊರೆಯುವುದೆಂದು ಕಡಲ ಮರಳನ್ನು ಗಾರೆಗೆ ಬಳಸುವುದು ಮೊದಲನೆಯದು. ಹಾಗೆ ಮಾಡಿದರೆ ಶತ್ರುವನ್ನೇ ಗೋಡೆಯೊಳಗೆ ಕೂರಿಸಿದಂತೆ. ತೀರದ ಮರಳು ತೆಗೆಯುವುದು ಕಾನೂನಿನ ದೃಷ್ಟಿಯಿಂದಲೂ ಸಲ್ಲದು. ಸಾಧಾರಣ ಕಬ್ಬಿಣವನ್ನು ಬಳಸುವುದು ಎರಡನೆಯದು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ತಿರುಪು, ಕೀಲು, ಚಿಲಕಗಳು ಹಿತ್ತಾಳೆಯವಾಗಿದ್ದರೆ ಅಥವಾ 316 ದರ್ಜೆಯ ತುಕ್ಕುರಹಿತ ಉಕ್ಕಿನವಾಗಿದ್ದರೆ ಮೊದಲಿಗೆ ದುಬಾರಿ ಎನಿಸಿದರೂ ಮುಂದೆ ಉಳಿತಾಯವೇ.

ಒಂದು ಮಳೆಗಾಲದ ಬಿಡುವು

ಮಾಡು ಮತ್ತು ಮರದ ಕೆಲಸವನ್ನು ಏಪ್ರಿಲ್-ಮೇ ತಿಂಗಳೊಳಗೆ ಮುಗಿಸಿ, ಗೋಡೆಯನ್ನು ಮುಟ್ಟದೆ ಒಂದು ಮಳೆಗಾಲ ಬಿಡುವುದು ಅತ್ಯಂತ ಮಿತವ್ಯಯದ ಕ್ರಮ. ಮಳೆಯೇ ಪರೀಕ್ಷಕನಾಗಿ ಎಲ್ಲಿ ಸೋರುತ್ತದೆ, ಎಲ್ಲಿ ನೀರು ನಿಲ್ಲುತ್ತದೆ, ಯಾವ ಗೋಡೆ ಎಷ್ಟು ಎತ್ತರ ತೇವಗೊಳ್ಳುತ್ತದೆ ಎಂಬುದನ್ನು ತೋರಿಸುತ್ತದೆ. ಮನೆಯಲ್ಲಿರುವವರು ಅದನ್ನು ಸುಣ್ಣದ ಕಡ್ಡಿಯಿಂದ ಗುರುತಿಟ್ಟರೆ ಸಾಕು. ಅಕ್ಟೋಬರಿನಲ್ಲಿ ಗೋಡೆ ಒಣಗಿದ ಮೇಲೆ ಗುರುತಿಟ್ಟ ಕಡೆ ಮಾತ್ರ ಗಾರೆ ಮಾಡಿ, ಡಿಸೆಂಬರಿಗೆ ಅತಿಥಿಗಳನ್ನು ಬರಮಾಡಿಕೊಳ್ಳಬಹುದು. ಸಮುದ್ರ ಕೊರೆತದ ಪ್ರದೇಶವಾಗಿದ್ದರೆ ಕಡಲು ಎಷ್ಟು ಒಳಸರಿದಿದೆ ಎಂಬುದೂ ಇದೇ ಅವಧಿಯಲ್ಲಿ ತಿಳಿಯುತ್ತದೆ. ಉಳ್ಳಾಲ, ಮರವಂತೆಗಳ ಅನುಭವ ಎಲ್ಲರಿಗೂ ಗೊತ್ತಿರುವಂತಹುದು. ಅಂತಹ ಕಡೆ ಹಣ ಹೂಡದಿರುವುದೂ ಒಂದು ವ್ಯಾಪಾರೀ ನಿರ್ಧಾರವೇ.

100 ಚದರ ಮೀಟರು ವ್ಯಾಪ್ತಿಯ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 3.5 ಲಕ್ಷ ಲೀಟರು. ಅದನ್ನು ಗೋಡೆಯ ಬುಡಕ್ಕೆ ಬೀಳಲು ಬಿಡದೆ ದೋಣಿಗಳ ಮೂಲಕ ಸೋಸಿ ಬಾವಿಯ ಬಳಿ ಇಂಗಿಸಿದರೆ ಗೋಡೆಯೂ ಉಳಿಯುತ್ತದೆ, ಬಾವಿಯ ನೀರು ಉಪ್ಪಾಗುವುದಕ್ಕೂ ತಡೆಯಾಗುತ್ತದೆ. ಶೌಚಗುಂಡಿ ಬಾವಿಯಿಂದ ದೂರದಲ್ಲಿ, ಇಳಿಜಾರಿನ ಕೆಳಬದಿಯಲ್ಲಿರಬೇಕು. ಹಳೆಯ ವಿದ್ಯುತ್ ತಂತಿಗಳನ್ನು ಪೂರ್ಣವಾಗಿ ಬದಲಿಸಿ, ಭೂಸಂಪರ್ಕ ಮತ್ತು 30 ಮಿಲಿಆಂಪಿಯರಿನ ಸೋರಿಕೆ ತಡೆ ಸ್ವಿಚ್ಚು ಅಳವಡಿಸುವಲ್ಲಿ ಮಿತವ್ಯಯದ ಮಾತು ಸಲ್ಲದು.

ಅಲಂಕಾರ: ಇರುವುದನ್ನು ತೋರಿಸುವುದು

ಹಳೆಯ ಮನೆಗಳನ್ನು ಒಡೆದು ಕಂಬ, ಬಾಗಿಲು, ತೊಲೆಗಳನ್ನು ಗುಜರಿ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ ವಿಜಯನಾಥ ಶೆಣೈಯವರು (ನಿಧನ 2017) ಅಂತಹ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮರುಜೋಡಿಸಿದರು. ಒಬ್ಬರಿಗೆ ಗುಜರಿಯಾದದ್ದನ್ನು ನೋಡಲು ಇಂದು ಜನ ಹಣ ಕೊಟ್ಟು ಹೋಗುತ್ತಾರೆ. ಮಿತವ್ಯಯದ ಅಲಂಕಾರದ ಪಾಠ ಇದರಲ್ಲಿದೆ.

ಪದರ ಪದರವಾಗಿ ಬಳಿದ ಎಣ್ಣೆ ಬಣ್ಣವನ್ನು ಕೆರೆದರೆ ಹಲಸು, ಸಾಗುವಾನಿಗಳ ಬಾಗಿಲು ತಾನೇ ಶೋಭಿಸುತ್ತದೆ. ಕೆಂಪು ಗಾರೆಯ ನೆಲವನ್ನು ಒಡೆದು ಟೈಲ್ಸ್ ಹಾಕುವ ಬದಲು ಬಿರುಕು ತುಂಬಿ ಉಜ್ಜಿ ಹೊಳಪು ಕೊಡಬಹುದು. ಜಗಲಿಯೇ ಅತಿಥಿಗಳ ಬೈಠಕ್ಕು. ಅಲ್ಲಿ ಹಾಸಲು ಚಾಪೆ, ಕುಳಿತುಕೊಳ್ಳಲು ಹಳೆಯ ಮರದ ಬೆಂಚು ಸಾಕು. ಬಿಳಿಯ ಸುಣ್ಣದ ಮೇಲೆ ಕೆಮ್ಮಣ್ಣಿನ ಚಿತ್ತಾರ ಮೂಡಿಸುವ ಕೊಂಕಣ ತೀರದ ಕಾವಿ ಕಲೆಯನ್ನು ಬಲ್ಲವರು ಸಿಕ್ಕರೆ ಒಂದು ಗೋಡೆಯನ್ನು ಅವರಿಗೆ ಒಪ್ಪಿಸುವುದು ಯಾವ ಬಣ್ಣದ ಡಬ್ಬಿಗಿಂತಲೂ ಮಿಗಿಲಾದ ಹೂಡಿಕೆ.

ಲೆಕ್ಕ ಹೇಳುವ ಮಾತು

ವಿವರಣೆಗಾಗಿ 6 ಲಕ್ಷ ರೂ.ಗಳ ಆಯವ್ಯಯವನ್ನು ಊಹಿಸಿಕೊಳ್ಳಬಹುದು. ಮಾಡು ಮತ್ತು ಮರಕ್ಕೆ 2,10,000; ನೀರು, ಚರಂಡಿ, ಸ್ನಾನಗೃಹ, ಶೌಚಕ್ಕೆ 1,20,000; ಗೋಡೆ, ನೆಲಕ್ಕೆ 90,000; ವಿದ್ಯುತ್ತಿಗೆ 60,000; ಪೀಠೋಪಕರಣ, ಅಲಂಕಾರಕ್ಕೆ 60,000; ಅನಿರೀಕ್ಷಿತಕ್ಕೆ ಮೀಸಲು 60,000. ಅಲಂಕಾರದ ಪಾಲು ಶೇ. 10 ಮಾತ್ರ ಎಂಬುದು ಗಮನಾರ್ಹ.

ಎರಡು ಕೊಠಡಿಗಳು ವರ್ಷಕ್ಕೆ ತಲಾ 80 ರಾತ್ರಿ ತುಂಬಿ, ಬಾಡಿಗೆ 1,800 ರೂ. ಎಂದಾದರೆ ಆದಾಯ 2,88,000 ರೂ. ಸ್ಥಿರ ವೆಚ್ಚ 72,000, ರಾತ್ರಿಗೆ 450ರಂತೆ ಚರ ವೆಚ್ಚ 72,000 ಕಳೆದರೆ ಉಳಿಯುವುದು 1,44,000. ಬಂಡವಾಳ ಮರಳಲು ನಾಲ್ಕು ವರ್ಷಕ್ಕೆ ತುಸು ಹೆಚ್ಚು ಕಾಲ ಬೇಕು. ಆದರೆ ರಾತ್ರಿಗಳ ಸಂಖ್ಯೆ ಅರ್ಧಕ್ಕೆ ಇಳಿದರೆ ಉಳಿಕೆ ಅರ್ಧವಾಗುವುದಿಲ್ಲ, 36,000ಕ್ಕೆ ಕುಸಿಯುತ್ತದೆ. ಬಂಡವಾಳ ಮರಳಲು ಹದಿನಾರು ವರ್ಷ ದಾಟುತ್ತದೆ. ಇಡೀ ಮೊತ್ತವನ್ನು ಶೇ. 10ರ ಬಡ್ಡಿಗೆ ಸಾಲ ಪಡೆದಿದ್ದರೆ ವರ್ಷದ ಬಡ್ಡಿ 60,000. ಉಳಿಕೆ ಬಡ್ಡಿಗೂ ಸಾಲದು. ಆದ್ದರಿಂದ ಮೊದಲ ವರ್ಷ ಮಾಡು ಮತ್ತು ಒಂದು ಕೊಠಡಿ, ಅದರ ಅನುಭವ ನೋಡಿ ಎರಡನೆಯದು ಎಂಬ ಹಂತಕ್ರಮವೇ ಸುರಕ್ಷಿತ.

ತೆರಿಗೆಯ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೊಠಡಿಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಆದರೆ ಇನ್‌ಪುಟ್ ತೆರಿಗೆ ಜಮೆ ಇದಕ್ಕೆ ದೊರೆಯದು. ಅಂದಿನಿಂದಲೇ ಸಿಮೆಂಟಿನ ಮೇಲಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಸೇವೆಗಳಿಗೆ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂ. ವಹಿವಾಟು. ಆದರೆ ಈ ವಹಿವಾಟನ್ನು ಪ್ಯಾನ್ ಸಂಖ್ಯೆಯ ಆಧಾರದಲ್ಲಿ ಒಟ್ಟುಗೂಡಿಸಿ ಲೆಕ್ಕ ಹಾಕುವುದರಿಂದ, ಬೆಂಗಳೂರಿನಲ್ಲಿ ಬೇರೆ ವ್ಯಾಪಾರ ಇರುವವರು ತಮ್ಮ ಹೆಸರಿನಲ್ಲಿಯೇ ಹೋಂಸ್ಟೇ ತೆರೆದರೆ ಮೊದಲ ದಿನದಿಂದಲೇ ತೆರಿಗೆಗೆ ಒಳಪಡಬಹುದು. ಲೆಕ್ಕಪರಿಶೋಧಕರ ಸಲಹೆ ಕಾಮಗಾರಿ ಆರಂಭಕ್ಕೆ ಮುನ್ನವೇ ಅಗತ್ಯ.

ಮನೆ ಕಟ್ಟಿ ನೋಡು ಎಂಬ ಹಿರಿಯರ ಮಾತಿನಲ್ಲಿ ಹೊಸ ಮನೆಯ ಕಷ್ಟ ಅಡಗಿದೆ. ಹಳೆಯ ಮನೆಯನ್ನು ಉಳಿಸುವುದಕ್ಕೆ ಬೇಕಾದದ್ದು ಅದಕ್ಕಿಂತ ಕಡಿಮೆ ಹಣ, ಹೆಚ್ಚು ತಾಳ್ಮೆ. ಕಾಗದಪತ್ರ, ಮಾಡು, ಒಂದು ಮಳೆಗಾಲ, ಗೋಡೆ, ಕೊನೆಗೆ ಅಲಂಕಾರ ಎಂಬ ಕ್ರಮವನ್ನು ಪಾಲಿಸಿದವರಿಗೆ ಅತಿಥಿಗಳು ಕಡಿಮೆಯಾದ ವರ್ಷದಲ್ಲಿಯೂ ಸೋರದ ಮಾಡಿನ ಕೆಳಗೆ ತಮ್ಮದೇ ಮನೆ ಉಳಿದಿರುತ್ತದೆ.