ವ್ಯೂ ಇಲ್ಲದ ಮನೆ

ಮಡಿಕೇರಿಯಲ್ಲಿ ಮನೆ ನೋಡುತ್ತಿದ್ದೇವೆ ಅಂದರೆ ಬೆಂಗಳೂರಿನ ನೆಂಟರು ‘ವ್ಯೂ ಹೇಗಿದೆ?’ ಅಂತ ಕೇಳುತ್ತಿದ್ದರು. ಊರಿನವರು ಕೇಳುತ್ತಿದ್ದದ್ದು ‘ಹಿಂದುಗಡೆ ಬರೆ ಎಷ್ಟೆತ್ತರ?’ ಅಂತ. ಗುಡ್ಡ ಕಡಿದು ಸೈಟ್ ಮಾಡುವ ಊರಿದು. ಮನೆಯ ಬೆನ್ನಿಗೆ ನಿಂತ ಆ ಮಣ್ಣಿನ ಕಡಿತ ಎಂಥದ್ದು, ಅದರೊಳಗಿನ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ತಿಳಿಯದೆ ಇಲ್ಲಿ ಬೆಲೆ ಮಾತಾಡಿ ಪ್ರಯೋಜನವಿಲ್ಲ.

ನಮ್ಮದು ಹಾಸನದ ಕಡೆ. ಗಂಡ ಹೆಂಡತಿ ಇಬ್ಬರಿಗೂ ಕೆಲಸ ಇಲ್ಲೇ. ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಹೋಂಸ್ಟೇ ಮಾಡಲು ಹೊರಟರು. ತಿಂಗಳ ಬಾಡಿಗೆಯನ್ನು ಒಂದೆರಡು ವಾರಾಂತ್ಯದಲ್ಲೇ ದುಡಿಯಬಹುದಾದಾಗ ಅವರನ್ನು ದೂರಿ ಏನು ಬಂತು? 2011ರ ಜನಗಣತಿಯಲ್ಲಿ 33 ಸಾವಿರ ಚಿಲ್ಲರೆ ಜನರಿದ್ದ ಊರು. ರೈಲಿಲ್ಲ, ದೊಡ್ಡ ಕಾರ್ಖಾನೆಯಿಲ್ಲ. ಆದರೂ ರಾಜಾಸೀಟ್ ಸುತ್ತಮುತ್ತ, ಸ್ಟೋನ್ ಹಿಲ್ ಕಡೆ ಹೇಳುವ ಬೆಲೆ ಇಲ್ಲಿನ ಸಂಬಳದವರಿಗೆ ಹೇಳಿದ್ದಲ್ಲ. ನಮ್ಮ ಕೈಗೆ ನಿಲುಕುವುದೇನಿದ್ದರೂ ಕೆಳಗೆ, ತಗ್ಗಿನಲ್ಲಿ, ಮೆಟ್ಟಿಲಿಳಿದು ಹೋಗುವ ಓಣಿಗಳಲ್ಲಿ. ಸಾಲಸೋಲ ಎಲ್ಲ ಸೇರಿ 40 ಲಕ್ಷದೊಳಗೆ ಮುಗಿಯಬೇಕಿತ್ತು.

ಅಗ್ಗದ ಮನೆಗೆ ಇಲ್ಲಿ ಒಂದು ಕಾರಣ ಇದ್ದೇ ಇರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲದ ಗುಡ್ಡಗಳು ಜಾರಿದಾಗ ಪೇಟೆಯೊಳಗೆ ಇಂದಿರಾನಗರ, ಚಾಮುಂಡೇಶ್ವರಿನಗರದ ಮನೆಗಳೂ ಕುಸಿದವು. ಮಳೆ ಮಿತಿಮೀರಿತ್ತು, ನಿಜ. ಆದರೆ ಇಳಿಜಾರನ್ನು ನೆಟ್ಟಗೆ ಕಡಿದದ್ದು, ನೀರು ಹರಿಯುವ ದಾರಿಯಲ್ಲೇ ಮಣ್ಣು ತುಂಬಿದ್ದು ಸೇರಿಕೊಂಡಿತ್ತು ಅಂತ ಭೂವಿಜ್ಞಾನಿಗಳೂ ಹೇಳಿದರು. ಆಮೇಲೆ ಆ ಕಡೆ ಬೆಲೆ ಇಳಿಯಿತು. ಒಂದೆರಡು ಮಳೆಗಾಲ ಸುಮ್ಮನಿದ್ದು, ಸುಣ್ಣಬಣ್ಣ ಕಂಡು, ಏಪ್ರಿಲ್‌ನಲ್ಲಿ ಮತ್ತೆ ಮಾರಾಟಕ್ಕೆ ಬಂದ ಮನೆಗಳನ್ನು ನಾವೂ ನೋಡಿದೆವು. ಏಪ್ರಿಲ್‌ನಲ್ಲಿ ಮಡಿಕೇರಿಯ ಯಾವ ಮನೆಯೂ ಚೆಂದವೇ. ಹಾಗಾಗಿ ಬ್ರೋಕರ್ ಎಷ್ಟೇ ಅವಸರ ಮಾಡಿದರೂ ಜುಲೈ ತನಕ ಅಡ್ವಾನ್ಸ್ ಕೊಡುವುದಿಲ್ಲ ಅಂತ ಪಟ್ಟು ಹಿಡಿದೆ. ‘ಅಷ್ಟರಲ್ಲಿ ಬೇರೆಯವರು ತಗೊಂಡುಬಿಡ್ತಾರೆ ಸಾರ್’ ಅಂದ. ತಗೊಳ್ಳಲಿ ಬಿಡು ಅಂದೆ.

ಜುಲೈನಲ್ಲಿ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋದೆ. ಅರವತ್ತು ದಾಟಿದವರು, ಊರಿನ ಅರ್ಧ ತಡೆಗೋಡೆಗಳ ಜಾತಕ ಬಲ್ಲವರು. ನಮಗೆ ಬಹಳ ಹಿಡಿಸಿದ್ದ ಮನೆಯೊಂದಿತ್ತು: ಹೊಸ ಆರ್‌ಸಿಸಿ, ಟೆರೇಸಿನ ಮೇಲೆ ಶೀಟು, ಹಿಂದೆ ಹತ್ತಡಿ ಎತ್ತರದ ಕಲ್ಲಿನ ತಡೆಗೋಡೆ. ಧೋ ಅಂತ ಮಳೆ. ಅವರು ಮನೆಯೊಳಗೆ ಕಾಲಿಡಲೇ ಇಲ್ಲ. ನೇರ ಹಿಂದಕ್ಕೆ ಹೋಗಿ, ಗೋಡೆಯಲ್ಲಿ ನೀರು ಹೊರಬರಲೆಂದು ಇಟ್ಟಿದ್ದ ಪೈಪುಗಳಿಗೆ ಒಂದೊಂದಾಗಿ ಬೆರಳು ಹಾಕಿ ನೋಡಿದರು. ಅಂಥ ಮಳೆಯಲ್ಲೂ ಒಂದರಲ್ಲೂ ನೀರಿಲ್ಲ. ನನಗೆ ಅದು ಒಳ್ಳೆಯ ಲಕ್ಷಣ ಅನಿಸಿತು. ಅವರು ಬೆರಳಿಗೆ ಅಂಟಿದ ಮಣ್ಣು ತೋರಿಸಿ, ‘ನೀರು ಬರ್ತಾ ಇಲ್ಲ ಅಂದ್ರೆ ಒಳಗೇ ನಿಂತಿದೆ’ ಅಂದರು. ಗೋಡೆಯ ಹಿಂದೆ ಜಲ್ಲಿ ತುಂಬುವ ಬದಲು ಕಡಿದ ಮಣ್ಣನ್ನೇ ತುಂಬಿದ್ದರಂತೆ; ಪೈಪು ಕಟ್ಟಿಕೊಂಡಿತ್ತು. ನಡು ಭಾಗದಲ್ಲಿ ಗೋಡೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿದ್ದು ಆಗ ಕಣ್ಣಿಗೆ ಬಿತ್ತು. ಮೂಲೆಯಲ್ಲಿ ನೂಲು ಇಳಿಬಿಟ್ಟು ತೋರಿಸಿದರು, ವಾಲಿಕೆ ಒಂದು ಗೇಣಿಗೆ ಹತ್ತಿರ. ಮಾಲೀಕರು ಕೊಟ್ಟ ಕಾಫಿ ಕುಡಿದು ಎದ್ದು ಬಂದೆವು. ಆ ಕಾಫಿ ಮಾತ್ರ ಅದ್ಭುತವಾಗಿತ್ತು.

ಕಾಗದಪತ್ರದ ಕಥೆಯೇ ಬೇರೆ. ಊರಂಚಿನ ಎಷ್ಟೋ ಸೈಟುಗಳ ಮೂಲ ಜಮ್ಮಾ ಬಾಣೆ, ಕೊಡಗಿನ ಹಳೆಯ ವಂಶಪಾರಂಪರ್ಯದ ಹಿಡುವಳಿ. ಅದು ಒಕ್ಕದ, ಅಂದರೆ ಇಡೀ ಮನೆತನದ ಆಸ್ತಿ. ಆರ್‌ಟಿಸಿ ತೆಗೆದರೆ ಹೆಸರುಗಳ ಉದ್ದನೆಯ ಪಟ್ಟಿ, ಅದರಲ್ಲಿ ತೀರಿಕೊಂಡವರು ಕೆಲವರು, ದುಬೈಯಲ್ಲಿರುವವರು ಕೆಲವರು. ಮರದ ಬೆಲೆ ಕಟ್ಟಿ ರಿಡೀಮ್ ಮಾಡಿಸಿರದಿದ್ದರೆ ಅಂಗಳದ ಬೀಟೆ ಮರದ ಹಕ್ಕು ಸರ್ಕಾರದ್ದು. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಫಾರಂ 9 ಮತ್ತು 11ಎ ಕೇಳಬೇಕು. 11ಬಿ ಕೈಗಿಟ್ಟು ‘ಎರಡೂ ಒಂದೇ’ ಅನ್ನುವವರಿದ್ದಾರೆ. ಒಂದೇ ಅಲ್ಲ, ಅನುಮೋದನೆಯಿಲ್ಲದ ಸೈಟಿಗೆ ಕೊಡುವ 11ಬಿ ಕಂಡರೆ ಬಹುತೇಕ ಬ್ಯಾಂಕುಗಳು ಮುಖ ತಿರುಗಿಸುತ್ತವೆ. ಈ ತಾಪತ್ರಯವೇ ಬೇಡ ಅಂತ ನಗರಸಭೆ ವ್ಯಾಪ್ತಿಯ, ಇ-ಖಾತೆ ಆಗಿರುವ ಹಳೆಯ ಮನೆಗಳಿಗೇ ಅಂಟಿಕೊಂಡೆವು.

ಸಿಕ್ಕಿದ್ದು ಮಹದೇವಪೇಟೆಯಿಂದ ಕೆಳಗೆ, ನಲವತ್ತು ವರ್ಷದ ಹೆಂಚಿನ ಮನೆ. ಕಾರು ಬರುವುದಿಲ್ಲ, ಮೇಲಿನ ರಸ್ತೆಯಿಂದ ಮೆಟ್ಟಿಲಿಳಿಯಬೇಕು. ಕಿಟಕಿ ತೆಗೆದರೆ ಪಕ್ಕದ ಮನೆಯ ಸೌದೆ ಕೊಟ್ಟಿಗೆ ಕಾಣುತ್ತದೆ. ಹೋಂಸ್ಟೇ ಮಾಡುವವರು ತಿರುಗಿಯೂ ನೋಡದ ಜಾಗ, ಅದಕ್ಕೇ 36 ಲಕ್ಷ. ಬರೆ ಆಳೆತ್ತರವೂ ಇಲ್ಲ, ಮುಂದಿನ ಚರಂಡಿ ಜುಲೈನಲ್ಲಿ ಭರ್ತಿ ಹರಿಯುತ್ತಿತ್ತು.

ಬ್ಯಾಂಕಿನ ವ್ಯಾಲ್ಯುಯರ್ ಮಾತ್ರ ಹಳೆಯ ಕಟ್ಟಡಕ್ಕೆ ಬೆಲೆಯೇ ಕಟ್ಟಲಿಲ್ಲ. ಜಾಗದ ಲೆಕ್ಕದಲ್ಲಿ 29 ಲಕ್ಷ ಬರೆದರು. 30 ಲಕ್ಷದವರೆಗಿನ ಸಾಲಕ್ಕೆ ಶೇ 90ರವರೆಗೂ ಕೊಡಬಹುದು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ, ಸರಿಯೇ. ಆದರೆ ಆ 90 ನಾವು ಕೊಡುವ ಬೆಲೆಗಲ್ಲ, ಅವರು ಕಟ್ಟುವ ಬೆಲೆಗೆ. ಮುದ್ರಾಂಕ, ಸೆಸ್, ನೋಂದಣಿ ಎಲ್ಲ ಕೈಯಿಂದಲೇ. ಹಳೆಯ ಮನೆ ಅಗ್ಗ ಅನ್ನುವವರು ಈ ಲೆಕ್ಕ ಹಾಕಿರುವುದಿಲ್ಲ: ಬೆಲೆ ಕಡಿಮೆ, ನಗದು ಜಾಸ್ತಿ. ರಿಪೇರಿಗೂ ಮೆಟ್ಟಿಲಿನ ಸುಂಕ ಬಿತ್ತು. ಮರಳು, ಸಿಮೆಂಟು, ಹೆಂಚು ಎಲ್ಲವೂ ತಲೆಹೊರೆಯಲ್ಲಿ ಇಳಿಯಬೇಕು. ಕೆಲವು ದಿನ ಸಾಮಾನಿಗಿಂತ ಇಳಿಸುವ ಕೂಲಿಯೇ ಹೆಚ್ಚಾಯಿತು. ಗ್ಯಾಸ್ ಹುಡುಗನಿಗೆ ಈಗಲೂ ಸಿಲಿಂಡರಿಗಿಷ್ಟು ಅಂತ ಬೇರೆ ಕೊಡುತ್ತೇವೆ. 2021ರಿಂದ ಇರುವ ಭಾರತ್ ಗೃಹ ರಕ್ಷಾ ವಿಮೆಯಲ್ಲಿ ಭೂಕುಸಿತವೂ ಸೇರಿದೆ, ಅದನ್ನು ಮಾಡಿಸಿದೆವು. ಅದು ಕಟ್ಟಡಕ್ಕೆ, ಒಳಗಿನ ಸಾಮಾನಿಗೆ ಮಾತ್ರ, ಜರಿದುಹೋದ ಜಾಗಕ್ಕಲ್ಲ.

ಗೃಹಪ್ರವೇಶಕ್ಕಿಂತ ಮುಂಚೆ ಮಾಡಿದ ಒಂದು ಕೆಲಸದ ಬಗ್ಗೆ ಮಾತ್ರ ನನಗೆ ಹೆಮ್ಮೆಯಿದೆ: ಮೇಲಿನ ಮನೆಗೆ ಹೋಗಿ ಪರಿಚಯ ಮಾಡಿಕೊಂಡದ್ದು. ಅವರ ಮಾಡಿನ ನೀರು ನಮ್ಮ ಬರೆಯ ತಲೆಯ ಮೇಲೇ ಸುರಿಯುತ್ತಿತ್ತು. ದೂರು ಹೇಳಲಿಲ್ಲ, ದಂಬೆ ಹಾಕಿಸಿ ಪೈಪಿನಲ್ಲಿ ನೇರ ಚರಂಡಿಗೆ ಇಳಿಸೋಣ, ಖರ್ಚು ಅರ್ಧರ್ಧ ಅಂದೆ. ಒಪ್ಪಿದರು. ಅವರ ಪಾಯಿಖಾನೆ ಗುಂಡಿಯೂ ಬರೆಗೆ ಹತ್ತಿರವೇ ಇದೆ ಅಂತ ಆಮೇಲೆ ಗೊತ್ತಾಯಿತು. ಅದನ್ನು ಆಚೆ ಬದಿಗೆ ಸರಿಸಲು ರಿಂಗ್ ಇಳಿಸಬೇಕು, ಅದಕ್ಕೆ ಮಣ್ಣು ಒಣಗಿರಬೇಕು. ಜನವರಿಯಲ್ಲಿ ಮಾಡೋಣ ಅಂದಿದ್ದಾರೆ, ಅರ್ಧ ದುಡ್ಡು ಬೇರೆ ತೆಗೆದಿಟ್ಟಿದ್ದೇನೆ.