‘ಇಲ್ಲಿ ನಿಮ್ಮ ಕಾರ್ಡ್ ನಡೆಯಲ್ಲ’ ಅಂದರೆ ಏನು ಮಾಡಬೇಕು? ನಂಜನಗೂಡು, ತಿ. ನರಸೀಪುರದವರಿಗೆ ಹಂತ ಹಂತವಾಗಿ

ಜ್ವರ, ಹೆರಿಗೆ, ಸಣ್ಣಪುಟ್ಟ ಗಾಯಕ್ಕೆ ಊರಿನ ಆಸ್ಪತ್ರೆಯೇ ಸಾಕು. ಎದೆನೋವು, ಪಾರ್ಶ್ವವಾಯು, ದೊಡ್ಡ ಆಪರೇಷನ್ ಎಂದಾಗ ಮೈಸೂರಿನ ದಾರಿ ಹಿಡಿಯಲೇಬೇಕು. ನಂಜನಗೂಡಿನಿಂದ ಅದು ಸುಮಾರು 25 ಕಿ.ಮೀ., ತಿ. ನರಸೀಪುರದಿಂದ ಸುಮಾರು 30. ಯಾವ ಆಸ್ಪತ್ರೆಯಲ್ಲಿ ನಮ್ಮ ಇನ್ಶೂರೆನ್ಸ್ ನಡೆಯುತ್ತದೆ ಎಂದು ಆಂಬುಲೆನ್ಸಿನಲ್ಲಿ ಕೂತು ಫೋನ್ ಮಾಡುವ ಹೊತ್ತಿಗೆ ತಡವಾಗಿರುತ್ತದೆ.

ಕಳೆದ ವರ್ಷ ಕಾರ್ಡ್ ನಡೆದ ಆಸ್ಪತ್ರೆ ಈ ವರ್ಷ ವಿಮೆಯ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ. 2025ರ ಆಗಸ್ಟ್‌ನಲ್ಲಿ ಖಾಸಗಿ ಆಸ್ಪತ್ರೆಗಳ ಸಂಘಟನೆಯಾದ ಎಎಚ್‌ಪಿಐ ಉತ್ತರ ಭಾರತದ ತನ್ನ ಸದಸ್ಯ ಆಸ್ಪತ್ರೆಗಳಿಗೆ ಒಂದು ಸೂಚನೆ ಕೊಟ್ಟಿತು: ಸೆಪ್ಟೆಂಬರ್ 1ರಿಂದ ಬಜಾಜ್ ಅಲಿಯಾನ್ಸ್ ಪಾಲಿಸಿದಾರರಿಗೆ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದು) ನಿಲ್ಲಿಸಿ. ಖರ್ಚು ಏರಿದರೂ ಕಂಪನಿ ಹಳೇ ದರವನ್ನೇ ಕೊಡುತ್ತಿದೆ ಎಂಬುದು ಆಸ್ಪತ್ರೆಗಳ ದೂರಾಗಿತ್ತು. ಮಾತುಕತೆ ನಡೆದು ವಿಷಯ ತಣ್ಣಗಾಯಿತು. ನಮ್ಮ ರೈತ ಕುಟುಂಬಗಳಿಗೂ ಇಂಥದ್ದು ಹೊಸದಲ್ಲ. 2003ರಿಂದ ಸಹಕಾರ ಸಂಘದ ಸದಸ್ಯರಿಗೆ ಆಸರೆಯಾಗಿದ್ದ ಯಶಸ್ವಿನಿ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ ನಿಂತುಹೋಯಿತು. ಮತ್ತೆ ಶುರುವಾಗಿದ್ದು 2022-23ರಲ್ಲಿ.

ಮೊದಲೇ ತಿಳಿದಿರಬೇಕಾದ ಮಾತು ಒಂದೇ. ಖಾಸಗಿ ವಿಮೆಯಲ್ಲಿ ಆಸ್ಪತ್ರೆ ಪಟ್ಟಿಯಿಂದ ಹೊರಬಿದ್ದರೆ ಸಾಮಾನ್ಯವಾಗಿ ತಪ್ಪುವುದು ಕ್ಯಾಶ್‌ಲೆಸ್ ಮಾತ್ರ, ಪಾಲಿಸಿ ಹಾಗೇ ಇರುತ್ತದೆ. ಆದರೆ ಹಣವನ್ನು ಮೊದಲು ನೀವು ಹೊಂದಿಸಬೇಕು, ಕಾಗದಪತ್ರ ನೀವೇ ಸಂಭಾಳಿಸಬೇಕು.

ಹಂತ 1: ಕೈಯಲ್ಲಿರುವುದು ಯಾವ ಕಾರ್ಡ್ ನೋಡಿ

ಒಂದೇ ಮನೆಯಲ್ಲಿ ಎರಡು ಮೂರು ಬಗೆಯ ಕಾರ್ಡ್ ಇರುವುದುಂಟು. ಒಂದೊಂದಕ್ಕೂ ಪಟ್ಟಿ ಬೇರೆ, ನಿಯಮ ಬೇರೆ.

ಇಎಸ್‌ಐ: ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಕಾರ್ಖಾನೆ ನೌಕರರಿಗೆ. ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಅನೇಕರ ಬಳಿ ಇದೇ ಇರುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಲು ಇಎಸ್‌ಐ ವೈದ್ಯರ ರೆಫರಲ್ ಬೇಕು, ಆ ಆಸ್ಪತ್ರೆ ಟೈ-ಅಪ್ ಪಟ್ಟಿಯಲ್ಲಿರಬೇಕು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಸರ್ಕಾರಿ ಪ್ಯಾಕೇಜ್ ದರದ ಶೇ. 30ರಷ್ಟು, ಗರಿಷ್ಠ 1.5 ಲಕ್ಷ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪಡೆಯಬೇಕು.

ಯಶಸ್ವಿನಿ: ಸಹಕಾರ ಸಂಘದ ಸದಸ್ಯರಿಗೆ. ಪ್ರತಿ ವರ್ಷ ನವೀಕರಿಸಬೇಕು. ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಮಾತ್ರ ನಡೆಯುತ್ತದೆ.

ಖಾಸಗಿ ಪಾಲಿಸಿ: ನೀವೇ ಪ್ರೀಮಿಯಂ ಕಟ್ಟುವುದು ಅಥವಾ ಕಂಪನಿ ಕೊಟ್ಟ ಗ್ರೂಪ್ ಪಾಲಿಸಿ. ಇಲ್ಲಿಂದ ಮುಂದಿನ ಹಂತಗಳು ಮುಖ್ಯವಾಗಿ ಈ ಪಾಲಿಸಿ ಇರುವವರಿಗೆ.

ಹಂತ 2: ಸುದ್ದಿ ನಿಜವೇ, ಎರಡೂ ಕಡೆ ವಿಚಾರಿಸಿ

ವಾಟ್ಸ್ಆಪ್ ಸುದ್ದಿ ನಂಬಿ ಆಸ್ಪತ್ರೆ ಬದಲಿಸಬೇಡಿ. ಎರಡು ವರ್ಷದ ಹಿಂದೆ ಏಜೆಂಟ್ ಹೇಳಿದ ಮಾತು ನೆಚ್ಚಿಕೊಂಡು ಹೋಗಲೂ ಬೇಡಿ. ವಿಮಾ ಕಂಪನಿಯ ವೆಬ್‌ಸೈಟಿನಲ್ಲಿ ನೆಟ್‌ವರ್ಕ್ ಪಟ್ಟಿ ನೋಡಿ. ಕಾರ್ಡಿನ ಹಿಂಬದಿಯ ಟೋಲ್-ಫ್ರೀ ನಂಬರಿಗೆ ಫೋನ್ ಮಾಡಿ. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲೂ ಕೇಳಿ. ಅಲ್ಲಿ ಬರುವ ಉತ್ತರ ಹೆಚ್ಚಾಗಿ ಹೀಗಿರುತ್ತದೆ: “ಸಾರ್, ಈ ಕಂಪನೀದು ಒಂದನೇ ತಾರೀಖಿಂದ ನಿಲ್ಲಿಸಿದ್ದೀವಿ. ಅಡ್ವಾನ್ಸ್ ಕಟ್ಟಿ, ಆಮೇಲೆ ಕ್ಲೇಮ್ ಮಾಡ್ಕೊಳ್ಳಿ.” ಅಲ್ಲಿಗೇ ಎದ್ದು ಬರಬೇಡಿ. ಮೂರು ಪ್ರಶ್ನೆ ಕೇಳಿ:

– ಯಾವ ತಾರೀಖಿನಿಂದ?
– ನಮ್ಮ ಕಂಪನಿಯ ಎಲ್ಲ ಪಾಲಿಸಿಗೂ ಇಲ್ಲವೋ, ಕೆಲವಕ್ಕೆ ಮಾತ್ರವೋ?
– ಪೂರ್ತಿ ನಿಂತಿದೆಯೋ, ಮಾತುಕತೆ ನಡೆಯುತ್ತಿದೆಯೋ?

ಒಂದೇ ಹೆಸರಿನ ಆಸ್ಪತ್ರೆಗೆ ಊರೂರಲ್ಲಿ ಶಾಖೆ ಇರುತ್ತದೆ. ಬೆಂಗಳೂರಿನ ಶಾಖೆ ಪಟ್ಟಿಯಲ್ಲಿದ್ದರೆ ಮೈಸೂರಿನದೂ ಇರುತ್ತದೆಂದು ತಿಳಿಯಬೇಡಿ, ವಿಳಾಸ ಓದಿ.

ಹಂತ 3: ‘ಪಟ್ಟಿಯಲ್ಲಿಲ್ಲ’ ಬೇರೆ, ‘ಹೊರಗಿಟ್ಟಿದ್ದಾರೆ’ ಬೇರೆ

ಈ ವ್ಯತ್ಯಾಸ ತಿಳಿಯದೆ ಹೋದರೆ ಲಕ್ಷಗಟ್ಟಲೆ ಹಣ ಕೈತಪ್ಪಬಹುದು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯ ಬಿಲ್ಲಿಗೆ ಪಾಲಿಸಿಯ ಷರತ್ತಿನಂತೆ ಆಮೇಲೆ ಹಣ ಪಡೆಯಬಹುದು. ಆದರೆ ವಿಮಾ ಕಂಪನಿಗಳು ಕೆಲವು ಆಸ್ಪತ್ರೆಗಳನ್ನು ಹೆಸರು ಹೇಳಿ ಹೊರಗಿಟ್ಟು ವೆಬ್‌ಸೈಟಿನಲ್ಲಿ ಪ್ರಕಟಿಸಿರುತ್ತವೆ. ಅಂಥ ಕಡೆ ಚಿಕಿತ್ಸೆ ಪಡೆದರೆ ಕ್ಲೇಮ್ ಸಿಗುವುದಿಲ್ಲ. ಅಪಘಾತ ಅಥವಾ ಪ್ರಾಣಾಪಾಯ ಇದ್ದರೆ ಮಾತ್ರ, ರೋಗಿಯ ಸ್ಥಿತಿ ಸ್ಥಿರವಾಗುವವರೆಗಿನ ಖರ್ಚು ಕೊಡುತ್ತಾರೆ. ಪಾಲಿಸಿ ಪುಸ್ತಕದಲ್ಲಿ ಇದು ‘ಎಕ್ಸ್‌ಕ್ಲೂಡೆಡ್ ಪ್ರೊವೈಡರ್ಸ್’ ಎಂಬ ತಲೆಬರಹದಡಿ, ಎಕ್ಸ್‌ಸಿಎಲ್ 11 ಎಂಬ ಸಂಕೇತದಲ್ಲಿ ಇರುತ್ತದೆ. ಈ ಎರಡನೇ ಪಟ್ಟಿಯನ್ನೂ ಒಮ್ಮೆ ನೋಡಿಬಿಡಿ.

ಹಂತ 4: ಚಿಕಿತ್ಸೆ ನಡೆಯುತ್ತಿದ್ದರೆ ಲಿಖಿತ ಉತ್ತರ ಪಡೆಯಿರಿ

ಡಯಾಲಿಸಿಸ್, ಕೀಮೋ, ದಿನ ಗೊತ್ತಾದ ಹೆರಿಗೆ, ತಾರೀಖು ಸಿಕ್ಕಿರುವ ಮಂಡಿ ಆಪರೇಷನ್: ಈ ರೋಗಿಗಳು ಕಾಯುತ್ತಾ ಕೂರಬಾರದು. ಕೀಮೋದಂಥ ಚಿಕಿತ್ಸೆಗೆ ಒಂದು ಸರದಿಗೆ ಅಪ್ರೂವಲ್ ಬಂದಿದೆ ಎಂದರೆ ಮುಂದಿನ ಸರದಿಗೂ ಬಂದಂತಲ್ಲ. ವಿಮಾ ಕಂಪನಿಗೆ ಇಮೇಲ್ ಕಳಿಸಿ. ಇಷ್ಟು ಬರೆದರೆ ಸಾಕು:

“ನನ್ನ ಪಾಲಿಸಿ ಸಂಖ್ಯೆ ಇದು. ಇಂಥ ಆಸ್ಪತ್ರೆಯಲ್ಲಿ ಇಂಥ ಚಿಕಿತ್ಸೆ ಪಡೆಯುತ್ತಿದ್ದೇನೆ. ಮುಂದಿನ ತಾರೀಖು ಇದು. ಅಂದು ಕ್ಯಾಶ್‌ಲೆಸ್ ಸಿಗುತ್ತದೆಯೇ? ಇಲ್ಲದಿದ್ದರೆ ಇದೇ ಚಿಕಿತ್ಸೆ ಸಿಗುವ ಮೈಸೂರಿನ ಬೇರೆ ನೆಟ್‌ವರ್ಕ್ ಆಸ್ಪತ್ರೆ ಯಾವುದು, ದಯವಿಟ್ಟು ತಿಳಿಸಿ.”

ಆಸ್ಪತ್ರೆ ಬದಲಿಸುವುದಾದರೆ ಸ್ಕ್ಯಾನ್ ಸಿಡಿ, ಬಯಾಪ್ಸಿ ವರದಿ, ಈವರೆಗಿನ ಔಷಧಿಯ ವಿವರ ಕೇಳಿ ಪಡೆಯಿರಿ. ಡಯಾಲಿಸಿಸ್ ಆದರೆ ತಾಲ್ಲೂಕು ಆಸ್ಪತ್ರೆಯ ಉಚಿತ ಘಟಕದಲ್ಲಿ ಜಾಗ ಇದೆಯೇ ಎಂದೂ ವಿಚಾರಿಸಿ.

ಹಂತ 5: ಪಟ್ಟಿಯಲ್ಲಿಲ್ಲದಿದ್ದರೂ ಕ್ಯಾಶ್‌ಲೆಸ್ ಕೇಳಿ ನೋಡಿ

2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಕಂಪನಿಗಳ ಮಂಡಳಿ ‘ಕ್ಯಾಶ್‌ಲೆಸ್ ಎವೆರಿವೇರ್’ ವ್ಯವಸ್ಥೆ ತಂದಿತು. ನೆಟ್‌ವರ್ಕ್ ಹೊರಗಿನ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಲು ಇದರಲ್ಲಿ ಅವಕಾಶವಿದೆ. ಮೊದಲೇ ಗೊತ್ತಿರುವ ಚಿಕಿತ್ಸೆಯಾದರೆ ಸೇರುವ 48 ಗಂಟೆ ಮುಂಚೆ, ತುರ್ತಾದರೆ ಸೇರಿದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಆಸ್ಪತ್ರೆಯೂ ಒಪ್ಪಬೇಕು, ಜಗಳ ಆಡಿ ಹೊರಬಂದ ಆಸ್ಪತ್ರೆ ಒಪ್ಪದೆಯೂ ಇರಬಹುದು. ಕೇಳುವುದರಿಂದ ನಷ್ಟವಿಲ್ಲ.

ಕ್ಯಾಶ್‌ಲೆಸ್ ಅರ್ಜಿ ಹೋದ ಮೇಲೆ ವಿಮಾ ನಿಯಂತ್ರಕ ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆ ನಿಮ್ಮ ಬೆನ್ನಿಗಿದೆ. ಕಂಪನಿ ಒಂದು ಗಂಟೆಯೊಳಗೆ ತೀರ್ಮಾನ ತಿಳಿಸಬೇಕು. ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಅಪ್ರೂವಲ್ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚಿನ ಬಾಡಿಗೆ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು.

ಹಂತ 6: ಕೈಯಿಂದ ಕಟ್ಟಿದರೆ ಒಂದು ಚೀಟಿಯನ್ನೂ ಬಿಡಬೇಡಿ

ಮೊದಲು ಪಾಲಿಸಿಯಲ್ಲಿ ಎರಡು ಗೆರೆ ಹುಡುಕಿ: ಸೇರಿದ ಎಷ್ಟು ಗಂಟೆಯೊಳಗೆ ತಿಳಿಸಬೇಕು, ಡಿಸ್ಚಾರ್ಜ್ ಆದ ಎಷ್ಟು ದಿನದೊಳಗೆ ಕ್ಲೇಮ್ ಕಳಿಸಬೇಕು. ತಿಳಿಸಿದಾಗ ಸಿಗುವ ನಂಬರ್ ಬರೆದಿಡಿ. ಡಿಸ್ಚಾರ್ಜ್ ದಿನ ಬಿಲ್ ಕೌಂಟರ್ ಬಿಡುವ ಮುಂಚೆ ಕೈಯಲ್ಲಿರಬೇಕಾದ್ದು:

– ಸಹಿ, ಸೀಲ್ ಇರುವ ಡಿಸ್ಚಾರ್ಜ್ ಸಮ್ಮರಿ
– ಐಟಂವಾರು ಬಿಲ್, ಹಣ ಕಟ್ಟಿದ ಅಸಲು ರಸೀದಿಗಳು
– ಔಷಧಿ ಬಿಲ್, ಅದಕ್ಕೆ ಹೊಂದುವ ವೈದ್ಯರ ಚೀಟಿ
– ಲ್ಯಾಬ್, ಸ್ಕ್ಯಾನ್ ವರದಿಗಳು
– ಸ್ಟೆಂಟ್, ಕಣ್ಣಿನ ಲೆನ್ಸ್ ಹಾಕಿದ್ದರೆ ಅದರ ಸ್ಟಿಕ್ಕರ್, ಇನ್‌ವಾಯ್ಸ್
– ಅಪಘಾತವಾದರೆ ಎಂಎಲ್‌ಸಿ (ಮೆಡಿಕೋ-ಲೀಗಲ್ ವರದಿ) ಅಥವಾ ಎಫ್‌ಐಆರ್ ಪ್ರತಿ
– ಆಸ್ಪತ್ರೆಯ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿಯ) ನೋಂದಣಿ ಸಂಖ್ಯೆ

ಊರಿನ ಸಣ್ಣ ನರ್ಸಿಂಗ್ ಹೋಂನಲ್ಲಿ ಚಿಕಿತ್ಸೆ ಪಡೆದಿದ್ದರೆ ಕೊನೆಯದನ್ನು ಕೇಳಿ ಪಡೆಯಿರಿ. ಕ್ಲೇಮ್ ಫಾರಂನಲ್ಲಿ ಅದನ್ನು ತುಂಬಬೇಕಾಗುತ್ತದೆ. ಎಲ್ಲವನ್ನೂ ಜೆರಾಕ್ಸ್ ಮಾಡಿಸಿ, ಅಸಲು ಕಳಿಸಿ, ನಕಲು ಇಟ್ಟುಕೊಳ್ಳಿ. ಜತೆಗೆ ಕ್ಯಾನ್ಸಲ್ ಮಾಡಿದ ಚೆಕ್, ಆಧಾರ್, ಪ್ಯಾನ್ ಬೇಕಾಗುತ್ತದೆ.

ಪೂರ್ತಿ ಹಣ ಬಂದೇ ಬರುತ್ತದೆಂದು ಲೆಕ್ಕ ಹಾಕಬೇಡಿ. ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಒಪ್ಪಂದದ ದರ. ಹೊರಗೆ ಆಸ್ಪತ್ರೆ ಹೇಳಿದ್ದೇ ದರ. ಈ ಊರಿನ ವಾಡಿಕೆಯ ದರಕ್ಕಿಂತ ಹೆಚ್ಚಾಯಿತು ಎಂದು ಕಂಪನಿ ಕತ್ತರಿ ಹಾಕಬಹುದು. ಕೆಲವು ಪಾಲಿಸಿಗಳಲ್ಲಿ ಹೊರಗಿನ ಆಸ್ಪತ್ರೆಗೆ ಶೇಕಡಾವಾರು ಕೋ-ಪೇ (ಬಿಲ್ಲಿನಲ್ಲಿ ನೀವು ಹೊರಬೇಕಾದ ಪಾಲು) ಇದೆ. ರೂಮ್ ಬಾಡಿಗೆ ಮಿತಿಯನ್ನೂ ನೋಡಿ. ದಿನಕ್ಕೆ 3,000 ಮಿತಿ ಇರುವವರು 6,000ದ ರೂಮ್ ಹಿಡಿದರೆ ಬಾಡಿಗೆಯ ಜತೆ ವೈದ್ಯರ ಫೀಸು, ನರ್ಸಿಂಗ್, ಓಟಿ ಖರ್ಚೂ ಅರ್ಧಕ್ಕೆ ಇಳಿಯಬಹುದು. ಸೇರುವ ಮುಂಚೆಯೇ ಅಂದಾಜು ಖರ್ಚನ್ನು ಬರೆಸಿಕೊಳ್ಳಿ.

ಹಂತ 7: ಜೀವಕ್ಕೆ ಅಪಾಯವಿದ್ದಾಗ ಪಟ್ಟಿ ಹುಡುಕಬೇಡಿ

108ಕ್ಕೆ ಫೋನ್ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮೈಸೂರಿಗೆ ಕಳಿಸಿದರೆ ಕೆ.ಆರ್. ಆಸ್ಪತ್ರೆ ಇದೆ, ಹೃದಯಕ್ಕೆ ಜಯದೇವ ಇದೆ. ತುರ್ತು ರೋಗಿಗೆ ಮುಂಗಡ ಹಣಕ್ಕೆ ಪಟ್ಟು ಹಿಡಿಯದೆ ಚಿಕಿತ್ಸೆ ಕೊಡಬೇಕೆಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ರೋಗಿ ಒಳಗೆ ಹೋದ ಮೇಲೆ ಮನೆಯ ಇನ್ನೊಬ್ಬರು ವಿಮಾ ಕಂಪನಿಗೆ ತಿಳಿಸುವ ಕೆಲಸ ನೋಡಿಕೊಳ್ಳಲಿ.

ಹಂತ 8: ಕ್ಲೇಮ್ ತಿರಸ್ಕರಿಸಿದರೆ ಮೆಟ್ಟಿಲು ಹತ್ತಿ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತ ದೂರು ಕೊಡಿ. ಉತ್ತರ ಸಮಾಧಾನ ತರದಿದ್ದರೆ ಐಆರ್‌ಡಿಎಐನ ‘ಬಿಮಾ ಭರೋಸಾ’ದಲ್ಲಿ ನೋಂದಾಯಿಸಿ, ಸಹಾಯವಾಣಿ 155255. ಒಂದು ತಿಂಗಳಾದರೂ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಿರಿ. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರು ಬೇಡ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು.

ಹಂತ 9: ಸಿಟ್ಟಿನಲ್ಲಿ ಪಾಲಿಸಿ ಬಿಡಬೇಡಿ

ಒಂದು ಆಸ್ಪತ್ರೆ ಹೋಯಿತೆಂದು ಪಾಲಿಸಿ ರದ್ದು ಮಾಡಿ ಹೊಸದು ಕೊಂಡರೆ ಬಿಪಿ, ಶುಗರ್‌ನಂಥ ಹಳೇ ಕಾಯಿಲೆಗೆ ಕಾಯುವ ಅವಧಿ ಮತ್ತೆ ಮೊದಲಿಂದ, ಗರಿಷ್ಠ ಮೂರು ವರ್ಷ. ಬದಲಿಸಲೇಬೇಕಾದರೆ ನವೀಕರಣಕ್ಕೆ 45 ದಿನ ಇರುವಾಗಲೇ ಪೋರ್ಟಬಿಲಿಟಿಗೆ (ಪಾಲಿಸಿಯನ್ನು ಇನ್ನೊಂದು ಕಂಪನಿಗೆ ವರ್ಗಾಯಿಸಲು) ಅರ್ಜಿ ಹಾಕಿ; ಈಗಾಗಲೇ ಕಾದಿರುವ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಹೊಸ ಕಂಪನಿಗೆ ಹೋಗುವ ಮುಂಚೆ ನೀವು ನಿಜವಾಗಿ ಹೋಗುವ ಮೈಸೂರಿನ ಎರಡು ಆಸ್ಪತ್ರೆಗಳಾದರೂ ಅದರ ಪಟ್ಟಿಯಲ್ಲಿವೆಯೇ ನೋಡಿ. ದೇಶದಲ್ಲಿ ಸಾವಿರಾರು ಆಸ್ಪತ್ರೆ ಎಂಬ ಜಾಹೀರಾತಿನಿಂದ ನರಸೀಪುರದ ರೋಗಿಗೆ ಉಪಯೋಗವಿಲ್ಲ.

ಇದೇ ವಾರ ಒಂದು ಹಾಳೆಯಲ್ಲಿ ಪಾಲಿಸಿ ಸಂಖ್ಯೆ, ಟೋಲ್-ಫ್ರೀ ನಂಬರ್, ಈಗ ಕ್ಯಾಶ್‌ಲೆಸ್ ಇರುವ ಎರಡು ಆಸ್ಪತ್ರೆಗಳ ಹೆಸರು, ವಿಚಾರಿಸಿದ ತಾರೀಖು ಬರೆದು ಮನೆಯವರೆಲ್ಲರ ಫೋನಿಗೆ ಅದರ ಫೋಟೋ ಕಳಿಸಿ. ಮೂರು ತಿಂಗಳಿಗೊಮ್ಮೆ ಮತ್ತೆ ವಿಚಾರಿಸಿ, ತಾರೀಖು ತಿದ್ದಿ.